ಚಾಲೂ ಆಗುವ ತನಕ

ಕೊನೆಯ ಸ್ಕ್ರೂ ಬಿಚ್ಚಿ ಶರ್ವರಿ ತಾಯಿ ಇಂದೂಳ ಹಳೇ ಲ್ಯಾಪ್‌ಟಾಪಿನ ಬೆನ್ನು ತೆರೆದಳು. ಒಳಗಿನ ಪುಟ್ಟ ಪಂಖಾಕ್ಕೆ ಬೂದು ಧೂಳು ಅರಳೆಯ ಹಾಗೆ ಅಂಟಿತ್ತು. ಇಂದೂ ಸೆರಗಿನ ತುದಿಯಿಂದ ಒರೆಸಲು ಹೋದಳು. ಮಗಳು ಆ ಕೈ ಹಿಡಿದಳು.

"ಬಟ್ಟಿ ಮುಟ್ಟಸಬ್ಯಾಡಮ್ಮಾ, ಬ್ರಶ್ ತಂದೇನಿ."

ಧೂಳು ಕೊಡವಿ, ಖಾಲಿಯಿದ್ದ ಸಂದಿಯಲ್ಲಿ ಹೊಸ ರ‍್ಯಾಮಿನ ಪಟ್ಟಿಯನ್ನು ಓರೆಯಾಗಿ ಇಟ್ಟು ಒತ್ತಿದಳು. ಟಕ್ಕೆಂದು ಕೂತಿತು. "ಆತು. ನೀ ಕಾಯೂದು ಇವತ್ತಿಗೆ ಮುಗೀತು. ಗುಂಡಿ ಒತ್ತೂದರಾಗ ಚಾಲೂ ಆಗ್ತದ ನೋಡು," ಎಂದಳು. ಹಾಗೆಯೇ ಆಯಿತು. ಇಂದೂ ಮಗಳ ತಲೆ ಸವರಿದಳು. ಆದರೆ ಏನೋ ಕಳೆದುಕೊಂಡವಳಂತೆ ಪರದೆಯನ್ನೇ ನೋಡುತ್ತ ನಿಂತಳು.

ಪುಣೆಯ ಒಂದು ಪಂಪಿನ ಕಂಪನಿಗಾಗಿ ಇಂದೂ ಮರಾಠಿ ಸೂಚನಾ ಪುಸ್ತಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದಳು. ದಿನಾ ಮುಂಜಾನೆ ಪೂಜೆ, ಚಹಾ ಮುಗಿಸಿ, ಕಿಟಕಿಯ ಪಕ್ಕ ಕೂತು ಗುಂಡಿ ಒತ್ತುವಳು. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಚಾಲೂ ಆದೊಡನೆ ಅತ್ತೆಗೆ ಪ್ರವಚನ ಹಚ್ಚಿಕೊಡಬೇಕು, ಗಂಡ ಬಿಂದುಮಾಧವನ ಬ್ಯಾಂಕಿನ ಕೆಲಸ ನೋಡಬೇಕು, ಆಮೇಲೆ ತನ್ನ ಪಂಪು. ಚಾಲೂ ಆಗುವ ತನಕದ ಹೊತ್ತು ಮಾತ್ರ ಯಾರಿಗೂ ಸೇರಿದ್ದಾಗಿರಲಿಲ್ಲ.

ಆ ಹೊತ್ತಿನಲ್ಲಿ ಇಂದೂ ಕೂತಲ್ಲೇ ಪುಣೆಯ ಸ್ವಾರಗೇಟ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುತ್ತಿದ್ದಳು. ಕೈಯಲ್ಲಿ ಚೀಲವಿಲ್ಲ, ಜೊತೆಗೆ ಯಾರೂ ಇಲ್ಲ. ಎಲ್ಲಿ ಇಳಿಯುತ್ತೀರಿ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳುವನು. ಅವಳು ಕಿಟಕಿಯತ್ತ ತಿರುಗಿದರೆ ಅವನು ನಕ್ಕು ಮುಂದೆ ಹೋಗುವನು. ಲ್ಯಾಪ್‌ಟಾಪ್ ಹೊಸದಿದ್ದಾಗ ಬಸ್ಸು ಸ್ಟ್ಯಾಂಡಿನ ಗೇಟಿನ ತನಕವೂ ಹೋಗುತ್ತಿರಲಿಲ್ಲ. ಅದಕ್ಕೆ ವಯಸ್ಸಾಗುತ್ತ ಹೋದ ಹಾಗೆ ಬಸ್ಸು ದೂರ ದೂರ ಹೋಗತೊಡಗಿತು. ಹಡಪಸರದ ಗದ್ದಲ ಹಿಂದೆ ಬಿತ್ತು. ಒಂದು ಮಳೆಗಾಲದಲ್ಲಿ ಭಿಗವಣದ ನೀರಿನ ಮೇಲೆ ಬಿಳಿ ಹಕ್ಕಿಗಳು ಕಂಡವು. ಈಚೆಗೆ ಇಂದಾಪುರದ ಕಬ್ಬು ಎರಡೂ ಬದಿಯಿಂದ ಬಾಗಿ ಕಿಟಕಿಯ ಸರಳುಗಳನ್ನು ಸವರುತ್ತಿತ್ತು. ಹಸಿ ಕಬ್ಬಿನ ವಾಸನೆ ಮೂಗಿಗೆ ಬರುವ ಹೊತ್ತಿಗೆ ಪರದೆ ಬೆಳಗುತ್ತಿತ್ತು.

ಈಗ ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಎಲ್ಲವೂ ಕಣ್ಣ ಮುಂದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಲೂ ಬಿಡುವಿಲ್ಲ. ಪುಸ್ತಿಕೆಗಳು ಬೇಗ ಮುಗಿದವು, ಕಂಪನಿ ಇನ್ನಷ್ಟು ಕಳಿಸಿತು. ಇಂದೂ ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದಳು. ಕರೆದರೆ ಎರಡನೇ ಕರೆಗೆ ಓಗೊಟ್ಟಳು.

"ಏನಾಗೇದಮ್ಮಾ ನಿನಗ?" ಒಂದು ಸಂಜೆ ಬಟ್ಟೆ ಮಡಚುತ್ತ ಶರ್ವರಿ ಕೇಳಿದಳು. "ಲ್ಯಾಪ್‌ಟಾಪ್ ಛಲೋ ನಡ್ಯಾಕತ್ತದ ಅಲ್ಲ?"

"ಭಾಳ ಛಲೋ ನಡೀತದ," ಎಂದಳು ಇಂದೂ. ಮಗಳ ಓಢಣಿಯ ಅಂಚು ಸರಿಪಡಿಸುತ್ತ, ಬೇರೆ ಯಾರದೋ ಸುದ್ದಿ ಹೇಳುವವಳಂತೆ, ಬಸ್ಸಿನ ವಿಷಯ ಹೇಳಿದಳು.

ಶರ್ವರಿ ನಗಲಿಲ್ಲ. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು, "ಎಲ್ಲಿ ಇಳೀತಿದ್ದಿ?" ಎಂದು ಕೇಳಿದಳು.

"ಇನ್ನೂ ಇಳದೇ ಇಲ್ಲ."

"ನಾ ಎಲ್ಲೆರೆ ಇದ್ನೇನು ಆ ಬಸ್ಸಿನ್ಯಾಗ?"

ಇಂದೂ ಸುಳ್ಳು ಹೇಳಬಹುದಿತ್ತು. "ಇಲ್ಲವ್ವಾ," ಎಂದಳು. "ಯಾರೂ ಇದ್ದಿಲ್ಲ." ಮಗಳು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹುಡುಗಿಗೆ ನೋವಾಯಿತೇನೋ ಎಂದು ಇಂದೂಗೆ ಅನ್ನಿಸಿತು.

ಮರುದಿನ ಮುಂಜಾನೆ ಗುಂಡಿ ಒತ್ತಿದಳು. ಪರದೆ ಥಟ್ಟನೆ ಬೆಳಗಿತು. ಇಂದೂ ಅದನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡಿದಳು. ಎದುರಿನ ಕಟ್ಟಡದ ನೆತ್ತಿಗೆ ಬಿಸಿಲು ಬಿದ್ದಿತ್ತು. ಕೆಳಗಿನ ಬೀದಿ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು.

"ಇಂದೂ," ಒಳಕೋಣೆಯಿಂದ ಅತ್ತೆಯ ದನಿ ಬಂತು. "ಚಾಲೂ ಆತೇನು? ನನ್ನ ಪ್ರವಚನ ಹಚ್ಚತೀಯೇನವಾ?"

ಇಂದೂ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಶರ್ವರಿ ನಿಂತಿದ್ದಳು, ಜಡೆ ಅರ್ಧ ಹೆಣೆದಿತ್ತು. ಅವಳು ಬೆಳಗುತ್ತಿದ್ದ ಪರದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು.

"ಇನ್ನೂ ಇಲ್ಲ ಅಜ್ಜಿ," ಒಳಕ್ಕೆ ಕೂಗಿ ಹೇಳಿದಳು. "ಭಾಳ ಹಳೇದದ. ಹೊತ್ತು ಹಿಡೀತದ."

ಆಮೇಲೆ ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.