ಅರ್ಧ ಇಂಚು

"ಇಂದಿನಿಂದ 'ಕತ್ತರಿ'ಯ ಕೆಲಸ ನಿಲ್ಲಿಸುತ್ತಿದ್ದೇನೆ. ಎಲ್ಲರೂ ಕ್ಷಮಿಸಿ" ಎಂದು ಟೈಪ್ ಮಾಡಿ, ಅದನ್ನು ಕಳಿಸುವ ಕೀಲಿಯ ಮೇಲೆ ಬೆರಳಿಟ್ಟು ಅವಳು ಕೂತಿದ್ದಳು. ಒತ್ತಲು ಬೆರಳು ಒಪ್ಪುತ್ತಿರಲಿಲ್ಲ. ಎದುರಿಗೆ ಅವಳ ಅತ್ತಿಗೆ ಹೊಲಿಗೆ ಯಂತ್ರದ ಮೇಲೆ ಬಗ್ಗಿ, ಯಾರದೋ ಸವೆದ ಕಾಲರನ್ನು ಬಿಚ್ಚಿ ತಿರುವಿ ಹಾಕುತ್ತಿದ್ದಳು.

'ಕತ್ತರಿ' ಹುಟ್ಟಿದ್ದೇ ಅತ್ತಿಗೆಯ ಈ ಟೈಲರಿಂಗ್ ಅಂಗಡಿಯಲ್ಲಿ. ಮೈ ಅಳತೆ ಕೊಟ್ಟರೆ, ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಅಚ್ಚನ್ನು ಬಿಡಿಸಿಕೊಡುವ ಪುಟ್ಟ ಸಾಫ್ಟ್‌ವೇರ್ ಅದು. ವಾರವೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳು ರಜೆಯ ದಿನಗಳಲ್ಲಿ ಇಲ್ಲೇ ಕೂತು ಬರೆದಿದ್ದಳು. ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಂಚಿದಳು. ಈಗ ಎಲ್ಲೆಲ್ಲಿಯ ದರ್ಜಿಗಳೋ ಅದನ್ನೇ ನೆಚ್ಚಿಕೊಂಡಿದ್ದಾರೆ.

ಅವರಲ್ಲೊಬ್ಬ ಮಹಾಶಯ, ಸಿದ್ಧ ಉಡುಪಿನ ಕಾರ್ಖಾನೆಯ ಮಾಲೀಕ. ಉಳಿದವರು ಬೆನ್ನ ಹಿಂದೆ ಇಟ್ಟ ಹೆಸರು ಸಾಹುಕಾರ. ದಪ್ಪ ಮೈಯವರ ಅಂಗಿಗೆ ತೋಳು ಅರ್ಧ ಇಂಚು ಉದ್ದ ಬರುತ್ತಿದೆ ಎಂದು ಅವನು ಕತ್ತರಿಯ ಚರ್ಚಾಪುಟದಲ್ಲಿ ಒಂದೇ ಸಮನೆ ಹಾರಾಡುತ್ತಿದ್ದ. ದೂರೇನೋ ನಿಜ, ತಪ್ಪು ಎಲ್ಲಿದೆಯೆಂದು ಅವಳೂ ಹುಡುಕಿ ಸೋತಿದ್ದಳು. ಆದರೆ ಪ್ರತಿ ದೂರಿಗೂ 'ಮೈಗಳ್ಳರು', 'ದಂಡಪಿಂಡಗಳು' ಎಂಬ ಒಗ್ಗರಣೆ. ಅದನ್ನು ತಾಳದೆ, ಕತ್ತರಿಯ ಕೆಲಸದಲ್ಲಿ ಅವಳಿಗಿದ್ದ ಒಬ್ಬನೇ ಜೊತೆಗಾರ ಹೋದ ವಾರ ಕೈಮುಗಿದು ಹೊರಟುಹೋಗಿದ್ದ.

ಫೋನ್ ಬಂತು. ಹೊಸ ನಂಬರು.

"ಏನಮ್ಮಾ, ಆ ತೋಳು ಯಾವಾಗ ಸರಿಹೋಗುತ್ತೆ?" ಸಾಹುಕಾರನೇ! "ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ನಂಬರ್ ತಗೊಂಡೆ. ನಾಳೆ ಬೆಳಗ್ಗೆ ಒಳಗೆ ಆಗ್ಬೇಕು."

"ಕ್ಷಮಿಸಿ ಸರ್... ನೋಡ್ತೀನಿ ಸರ್..." ಅಭ್ಯಾಸಬಲ, ಬಾಯಿ ತಾನಾಗಿ ಅಂದಿತು.

"ನೋಡೋದಲ್ಲ, ಮಾಡೋದು! ಇರಿ, ಇನ್ನೊಂದು ಫೋನ್ ಬರ್ತಿದೆ. ಲೈನಲ್ಲೇ ಇರಿ."

ಲೈನಿನಲ್ಲಿ ಸಂಗೀತ ಶುರುವಾಯಿತು. ಅತ್ತಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಮೇಲೇರಿಸಿ, ಕಂಪ್ಯೂಟರಿನತ್ತ ಕತ್ತು ಚಾಚಿದಳು.

"ಏನೇ ಇದು, ನಿಲ್ಲಿಸ್ತಿದ್ದೀನಿ ಅಂತ ಬರ್ದಿದೀಯ?"

"ಇನ್ನು ಆಗಲ್ಲ ಅತ್ತಿಗೆ. ಆ ಚರ್ಚಾಪುಟ ತೆರೆದ್ರೇ ಅಳು ಬರುತ್ತೆ."

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಅಂಥವನಿಗೆ ನೀನು ಕ್ಷಮಿಸಿ ಅಂತೀಯ! ನನ್ನ ಅಂಗಡೀಲಿ ಒಬ್ಬ ಹೀಗೆ ಕೂಗಾಡಿದ್ರೆ ನಾನೇನ್ ಮಾಡ್ತೀನಿ?"

"ಬಾಗಿಲು ತೋರಿಸ್ತೀರಿ."

"ಮತ್ತೆ? ಅವನಿಗೋಸ್ಕರ ಅಂಗಡೀನೇ ಮುಚ್ಚಿಬಿಡ್ತೀನಾ?"

ಅವಳಿಗೆ ನಗು ಬಂತು. ಇಷ್ಟು ದಿನ ತಾನು ಎಂಥ ಪೆದ್ದಿಯಾಗಿದ್ದೆ ಎಂದು ಸಿಟ್ಟೂ ಬಂತು. ಅಷ್ಟರಲ್ಲಿ ಸಂಗೀತ ನಿಂತು ಸಾಹುಕಾರ ಮರಳಿ ಬಂದ.

"ಹಾಂ, ಎಲ್ಲಿದ್ವಿ?"

"ಮುಗಿಸ್ತಾ ಇದ್ವಿ ಸರ್. ಇವತ್ತು ನನಗೆ ರಜೆ. ಈ ನಂಬರಿಗೂ ಆಸ್ಪತ್ರೆಗೂ ಇನ್ನು ಫೋನ್ ಮಾಡ್ಬೇಡಿ. ಕತ್ತರಿ ನಿಮ್ಮದೂ ಹೌದು, ಧಾರಾಳವಾಗಿ ಬಳಸಿ. ಅದರೊಳಗಿನ ಲೆಕ್ಕ ಎಲ್ಲಾ ತೆರೆದಿಟ್ಟಿದ್ದೀನಿ, ಬೇಕಾದ್ರೆ ಯಾರನ್ನಾದ್ರೂ ಕೂರಿಸಿ ತಿದ್ದಿಸ್ಕೊಳ್ಳಿ. ಆದ್ರೆ ನಾನು ನಿಮ್ಮ ಕೆಲಸದವಳಲ್ಲ. ಚರ್ಚಾಪುಟದಲ್ಲೂ ಇನ್ನು ನಿಮಗೆ ಜಾಗ ಇಲ್ಲ."

"ನಾನು ಯಾರು ಅಂತ ಗೊತ್ತೇನಮ್ಮಾ?"

"ಗೊತ್ತು ಸರ್. ಕತ್ತರಿ ಬಳಸೋರಲ್ಲಿ ಒಬ್ರು."

ಫೋನ್ ಇಟ್ಟಳು. ಎಷ್ಟು ಖುಷಿ! ಎದ್ದು ಅಂಗಡಿಯ ತುಂಬ ಕುಣಿಯಬೇಕೆನ್ನಿಸಿತು. ಬರೆದಿಟ್ಟಿದ್ದ ವಿದಾಯವನ್ನು ಅಳಿಸಿ, ಸಾಹುಕಾರನನ್ನು ಚರ್ಚಾಪುಟದಿಂದ ಹೊರಗಿಟ್ಟು, ಎಲ್ಲರಿಗೂ ಕಾಣುವಂತೆ ಬರೆದಳು: "ಕತ್ತರಿ ನಮ್ಮ ಬಿಡುವಿನ ಕೆಲಸ. ನಮ್ಮ ಬಿಡುವು ಇದ್ದಾಗಲೇ ನಡೆಯುತ್ತದೆ. ಇಲ್ಲಿ ತಪ್ಪು ತೋರಿಸಬಹುದು, ಬೈಯುವ ಹಾಗಿಲ್ಲ. ಬೈದವರನ್ನು ಇವತ್ತು ಹೊರಗೆ ಕಳಿಸಿದ್ದೇನೆ." ಈ ಸಲ ಬೆರಳು ತಕರಾರು ಮಾಡಲಿಲ್ಲ.

"ಈಗ ಎಲ್ಲರೂ ಸೇರಿ ನನ್ನ ಮೇಲೆ ಬೀಳ್ತಾರೇನೋ," ಎಂದಳು.

"ಬೀಳಲಿ, ನಾನಿಲ್ವಾ?" ಎಂದು ಅತ್ತಿಗೆ ಮತ್ತೆ ಕಾಲರಿಗೆ ಕೈ ಹಾಕಿದಳು.

ಮೊದಲ ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ಚರ್ಚಾಪುಟದಲ್ಲಿ ಎಂದೂ ಕಂಡಿರದ ಹೆಸರು. ಅವಳು ಅತ್ತಿಗೆಗೆ ಕೇಳುವಂತೆ ಜೋರಾಗಿ ಓದಿದಳು:

"ನಮಸ್ಕಾರ. ನಾನು ನಾಟಕದವರಿಗೆ ಉಡುಪು ಹೊಲಿಯುವವಳು. ಆ ತೋಳಿನ ತಪ್ಪು ಹುಡುಕಿ ಸರಿಮಾಡಿಟ್ಟುಕೊಂಡು ತಿಂಗಳುಗಳೇ ಆದವು. ಕೊಡಲು ಬಂದರೆ ಆ ಸಾಹುಕಾರರು ನನಗೂ ಬೈದಾರೆಂದು ಹೆದರಿ ಸುಮ್ಮನಿದ್ದೆ. ಈಗ ಕಳಿಸಲೇ?"