ಕಡ ತಂದ ದನಿ

ವೀಸಾ ಸಂದರ್ಶನಕ್ಕೆ ನೀಲವ್ವಕ್ಕನ ದನಿ ಕಡ ತೆಗೆದುಕೊಂಡು ಹೋಗಿದ್ದೆ. ನನ್ನ ದನಿ ಹೊಸಬರ ಮುಂದೆ ಗಂಟಲಲ್ಲೇ ಉಳಿಯುತ್ತದೆ. ಹೋದ ಸಲ ಅದರಿಂದಲೇ ವೀಸಾ ತಪ್ಪಿತ್ತು. ಪಕ್ಕದ ಮನೆಯ ನೀಲವ್ವಕ್ಕ ಹುಬ್ಬಳ್ಳಿ ಸಿಟಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ತಮ್ಮ ಕೊರಳಲ್ಲಿದ್ದ ದನಿಯ ಬಿಲ್ಲೆಯನ್ನು ಬಿಚ್ಚಿ ನನ್ನ ಕೊರಳಿಗೆ ಕಟ್ಟಿ, ಇಡೀ ದಿನ ಕೈಸನ್ನೆಯಲ್ಲೇ ಟಿಕೆಟ್ ಕೊಟ್ಟರು.

"ಮಣ್ಣಿನ ವಿಜ್ಞಾನ ಓದಲು ಹಾಲೆಂಡೇ ಯಾಕೆ?" ಎಂದರು ಅಧಿಕಾರಿ. ನಮ್ಮ ಉಪ್ಪುಗಟ್ಟಿದ ಸವುಳು ಮಣ್ಣಿನ ಮದ್ದು ಸಮುದ್ರದಿಂದ ನೆಲ ಪಡೆದವರಿಗೆ ಗೊತ್ತು ಎಂದು ಗಟ್ಟಿಯಾಗಿ ಹೇಳಿದೆ. ಅವರು ಕಾಗದ ತಿರುವುತ್ತ ತಡಮಾಡಿದಾಗ, ಅಭ್ಯಾಸಬಲದಿಂದ ಆ ದನಿ, "ಲಗೂ ನಡೀರಿ, ಹಿಂದ ಮಂದಿ ನಿಂತಾರ" ಎಂದುಬಿಟ್ಟಿತು. ಅವರು ನಕ್ಕು ಮುದ್ರೆ ಒತ್ತಿದರು.

ಸಂಜೆ ನೀಲವ್ವಕ್ಕನ ಬಸ್ಸಿನ ಬಾಗಿಲಲ್ಲಿ, ಆ ದನಿಯಲ್ಲೇ ಕೃತಜ್ಞತೆ ಹೇಳಿಬಿಡಬಹುದಿತ್ತು. ಅವರ ದನಿಯಿಂದ ಅವರಿಗೇ ಹೇಳುವುದು ಸರಿಯೆನಿಸಲಿಲ್ಲ. ಮೊದಲು ಬಿಲ್ಲೆ ಬಿಚ್ಚಿ ಅವರ ಕೊರಳಿಗೆ ಕಟ್ಟಿದೆ. ಆಮೇಲೆ ನಾನು ಹೇಳಿದ್ದು ಎಂಜಿನ್ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ನೀಲವ್ವಕ್ಕ ಡ್ರೈವರಿಗೆ ಕೂಗಿದರು. "ಗುರಪ್ಪಣ್ಣ, ಎಂಜಿನ್ ಬಂದ್ ಮಾಡು. ನಮ್ಮ ಹುಡುಗಿ ಏನೋ ಹೇಳಾಕತ್ತಾಳ."

ತುಂಬಿದ ಬಸ್ಸು ಸುಮ್ಮನಾಯಿತು.

"ನಿಮ್ಮಿಂದನ ಹೊಂಟೀನ್ರಿ, ಅಕ್ಕಾ" ಎಂದು ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿದೆ.