ಕುಗ್ಗದ ಓಣಿ

ಜನ ಬಿಟ್ಟುಹೋದಷ್ಟೂ ಓಣಿಗಳು ತಾವಾಗಿಯೇ ಕುಗ್ಗುತ್ತಿದ್ದ ಕಾಲವದು. ಆಟೋ ತೂರದಷ್ಟು ಕುಗ್ಗಿದ್ದನ್ನು ಮಾತ್ರ ಕೆಡವಿ ಕಾಂಪ್ಲೆಕ್ಸ್ ಕಟ್ಟಬಹುದಿತ್ತು. ಮುಚ್ಚಿದ ಹತ್ತಿ ಮಿಲ್ಲಿನ ಹಿಂದಿನ ಓಣಿಯನ್ನು ಅಳೆಯಲು ಬಂದ ಎಂಜಿನಿಯರ್ ರುದ್ರೇಶಿ, ಟೇಪು ಹಿಡಿದು ಕಕ್ಕಾಬಿಕ್ಕಿಯಾದ.

"ಮುಕ್ಕಾಲು ಮನೆಗೆ ಬೀಗ ಬಿದ್ದೈತೆ, ಓಣಿ ಒಂದಿಂಚೂ ಕುಗ್ಗಿಲ್ಲ! ಏನಜ್ಜಿ ಇದು?"

ಕಟ್ಟೆಯ ಮೇಲೆ ಮಂಡಕ್ಕಿ ಕಲಸುತ್ತಿದ್ದ ಹಾಲವ್ವ ನಕ್ಕಳು. "ಹೋದೋರು ಯಾರೂ 'ಹೋಗ್ತೀನಿ' ಅನ್ಲಿಲ್ಲ ತಮ್ಮಾ. ಎಲ್ರೂ 'ಬರ್ತೀನಿ' ಅಂದ್ರು. ಓಣಿ ನಂಬ್ಕೊಂಡು ಕುಂತೈತೆ."

"ನಿಮ್ಗೆ ಅಭಿವೃದ್ಧಿ ಬ್ಯಾಡ್ವಾ?"

"ಉಳಿದೋರೆಲ್ಲ ವೃದ್ಧರೇ, ಇನ್ನೆಷ್ಟು ಅಭಿವೃದ್ಧಿ ಮಾಡ್ತೀಯಾ? ಮಂಡಕ್ಕಿ ತಿನ್ನು."

ತಿಂದು, ಕೈ ಒರೆಸಿಕೊಂಡು, ಇನ್ನು ಈ ಕಡೆ ತಲೆ ಹಾಕಬಾರದೆಂದುಕೊಂಡೇ ರುದ್ರೇಶಿ ಎದ್ದ. ಬಾಯಿ ಮಾತ್ರ ರೂಢಿಯಂತೆ, "ಬರ್ತೀನಜ್ಜಿ" ಎಂದುಬಿಟ್ಟಿತು.

ಗೋಡೆಗಳು ಗರಗರನೆ ಹಿಂದೆ ಸರಿದು, ಅವನಿಗೂ ಒಂದು ಮನೆಯಷ್ಟು ಜಾಗ ಬಿಟ್ಟವು.